ನವಜಾತ ಶಿಶುವಿನ ಚಾರ್ಟಿಗೆ ಇನ್ನೆರಡು ಅಂಕಣ ಸೇರಿಸಿ: ಆಸ್ಪತ್ರೆಗಳ ಆಡಳಿತಕ್ಕೊಂದು ಬಹಿರಂಗ ಪತ್ರ

ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳನ್ನು ನಡೆಸುವ ಆಸ್ಪತ್ರೆಗಳ ಆಡಳಿತ ಮಂಡಳಿಗಳಿಗೆ ಮತ್ತು ಆ ಘಟಕಗಳಿಗೆ ನಿಯಮ ರೂಪಿಸುವ ಆರೋಗ್ಯಾಧಿಕಾರಿಗಳಿಗೆ,

ಮಾನ್ಯರೇ,

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ಇನ್‌ಕ್ಯುಬೇಟರಿನ ಪಕ್ಕದಲ್ಲಿರುವ ಚಾರ್ಟನ್ನು ನೀವು ನೋಡಿಯೇ ಇರುತ್ತೀರಿ. ಉಷ್ಣತೆ, ಹೃದಯದ ಬಡಿತ, ಉಸಿರಾಟ, ರಕ್ತದಲ್ಲಿನ ಆಮ್ಲಜನಕ, ಕೊಟ್ಟ ಹಾಲು ಎಷ್ಟು ಮಿಲಿಲೀಟರ್, ಒದ್ದೆಯಾದ ಡೈಪರಿನ ತೂಕ ಎಷ್ಟು ಗ್ರಾಂ, ಎಲ್ಲಕ್ಕೂ ಅಲ್ಲಿ ಲೆಕ್ಕವಿದೆ. ಅದೇ ಮಗುವಿಗೆ ಅದೇ ದಿನ ಎಷ್ಟು ಸಲ ಸೂಜಿ ಚುಚ್ಚಿದರು, ಎಷ್ಟು ಸಲ ನಿದ್ದೆಯಿಂದ ಎಬ್ಬಿಸಿದರು ಎಂಬುದು ನಾನು ಕೆಲಸ ಮಾಡಿದ ಯಾವ ಘಟಕದ ಚಾರ್ಟಿನಲ್ಲೂ ಇರಲಿಲ್ಲ. ಆ ಎರಡು ಅಂಕಣಗಳನ್ನು ಸೇರಿಸಿ ಎಂದು ಕೇಳುವುದಕ್ಕೆ ಈ ಪತ್ರ. ಇಷ್ಟು ಸಣ್ಣ ಬೇಡಿಕೆಗೆ ಇಷ್ಟು ಉದ್ದದ ಪತ್ರವೇ ಎನಿಸಿದರೆ ದಯವಿಟ್ಟು ಮುಂದಕ್ಕೆ ಓದಿ. ಬೇಡಿಕೆ ಸಣ್ಣದು, ಅದರ ಹಿಂದಿರುವ ಕಾರಣ ಸಣ್ಣದಲ್ಲ.

ನನ್ನ ಕೆಲಸದ ಬಗ್ಗೆ ಎರಡು ಮಾತು. ನವಜಾತ ಶಿಶುವಿನ ಮೆದುಳು ಹೇಗೆ ಬೆಳೆಯುತ್ತದೆ, ಆ ಬೆಳವಣಿಗೆ ಅದರ ನಡವಳಿಕೆಯಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದು ನನ್ನ ಸಂಶೋಧನೆಯ ವಿಷಯ. ಮಾತು ಬಾರದ, ಕತ್ತು ನಿಲ್ಲದ, ಬೆರಳಿಟ್ಟು ತೋರಿಸಲಾಗದ ಜೀವದಿಂದ ಉತ್ತರ ಪಡೆಯಬೇಕಾದರೆ ಅದು ಮಾಡಬಲ್ಲ ನಾಲ್ಕಾರು ಕೆಲಸಗಳನ್ನೇ ನಂಬಬೇಕು. ಚೀಪುವುದು, ನೋಡುವುದು, ಮುಖ ಕಿವುಚುವುದು, ಮಲಗುವುದು. 1980ರಲ್ಲಿ ಆಂಥೊನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಹುಟ್ಟಿ ಮೂರು ದಿನ ಕಳೆಯದ ಮಕ್ಕಳ ಬಾಯಿಗೆ ಹಾಲಿಲ್ಲದ ರಬ್ಬರ್ ತೊಟ್ಟು ಕೊಟ್ಟರು. ಒಂದು ಲಯದಲ್ಲಿ ಚೀಪಿದರೆ ತಾಯಿಯ ದನಿ, ಇನ್ನೊಂದು ಲಯದಲ್ಲಿ ಚೀಪಿದರೆ ಬೇರೊಬ್ಬ ಹೆಂಗಸಿನ ದನಿ ಕೇಳಿಸುವ ಏರ್ಪಾಡು ಅದು. ಮಕ್ಕಳು ತಾಯಿಯ ದನಿ ಬರುವಂತೆ ತಮ್ಮ ಚೀಪುವ ಲಯವನ್ನೇ ಬದಲಿಸಿಕೊಂಡವು. ಪ್ರಶ್ನೆ ಕೇಳುವ ದಾರಿ ತಿಳಿದರೆ ಹಸುಗೂಸು ಉತ್ತರ ಕೊಡುತ್ತದೆ ಎಂಬ ಧೈರ್ಯ ನಮ್ಮ ಕ್ಷೇತ್ರಕ್ಕೆ ಬಂದದ್ದು ಇಂಥ ಪ್ರಯೋಗಗಳಿಂದ.

ಪ್ರಶ್ನೆಯನ್ನೇ ಕೇಳದಿದ್ದಾಗ ಏನಾಗುತ್ತದೆ ಎಂಬುದಕ್ಕೂ ಅದೇ ದಶಕದಲ್ಲಿ ಪುರಾವೆ ಇದೆ. 1980ರ ದಶಕದ ಮಧ್ಯದವರೆಗೂ ಹಲವು ಹೆಸರಾಂತ ಆಸ್ಪತ್ರೆಗಳಲ್ಲಿ ಅವಧಿಪೂರ್ವ ಶಿಶುಗಳ ಶಸ್ತ್ರಚಿಕಿತ್ಸೆಯನ್ನು ತೀರಾ ಕಡಿಮೆ ಅರಿವಳಿಕೆಯಲ್ಲಿ ಮಾಡುತ್ತಿದ್ದರು. ಸ್ನಾಯುಗಳು ಅಲುಗದಂತೆ ಒಂದು ಔಷಧ, ಜೊತೆಗೆ ನೈಟ್ರಸ್ ಆಕ್ಸೈಡ್ ಎಂಬ ಸೌಮ್ಯ ಅರಿವಳಿಕೆ ಅನಿಲ, ಅಷ್ಟೇ. ಆ ವೈದ್ಯರು ಕಟುಕರಲ್ಲ. ಎಳೆಯ ಮೆದುಳಿಗೆ ನೋವು ತಿಳಿಯುವಷ್ಟು ಬೆಳವಣಿಗೆ ಆಗಿರುವುದಿಲ್ಲ ಎಂದು ಪಾಠದಲ್ಲಿ ಕಲಿತಿದ್ದರು, ಅರಿವಳಿಕೆಯೇ ಮಗುವಿನ ಜೀವಕ್ಕೆ ಎರವಾದೀತು ಎಂಬ ನಿಜವಾದ ಭಯವೂ ಇತ್ತು. ಆಕ್ಸ್‌ಫರ್ಡಿನಲ್ಲಿದ್ದ ಕೆ.ಜೆ.ಎಸ್. ಆನಂದ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಗೆ ಒಳಗಾದ ಶಿಶುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳನ್ನು ಅಳೆದರು. 1987ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಫೆಂಟನಿಲ್ ಎಂಬ ನೋವುನಿವಾರಕವನ್ನೂ ಪಡೆದ ಮಕ್ಕಳಲ್ಲಿ ಆ ಹಾರ್ಮೋನುಗಳ ಏರಿಕೆ ಕಡಿಮೆಯಿತ್ತು, ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳೂ ಕಡಿಮೆಯಿದ್ದವು. ಆಚರಣೆ ಬದಲಾಯಿತು. ಅದನ್ನು ಬದಲಿಸಿದ್ದು ಕರುಣೆಯ ಭಾಷಣವಲ್ಲ, ಯಾರೋ ಕುಳಿತು ಅಳೆದದ್ದು. ಆಡಳಿತದಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಲೆಕ್ಕಕ್ಕೆ ಬಾರದ್ದಕ್ಕೆ ಸಭೆಯ ಕಾರ್ಯಸೂಚಿಯಲ್ಲಿ ಜಾಗ ಸಿಗುವುದಿಲ್ಲ ಎಂಬುದು ನಿಮಗೇ ಗೊತ್ತು.

ಈಗ ಆ ಮೆದುಳಿನ ವಿಷಯಕ್ಕೆ ಬರುತ್ತೇನೆ. 24 ವಾರಗಳ ಗರ್ಭಸ್ಥ ಶಿಶುವಿನ ಮೆದುಳಿನ ಮೇಲ್ಮೈ ಹೆಚ್ಚುಕಡಿಮೆ ನುಣುಪಾಗಿರುತ್ತದೆ. ನಾವು ಚಿತ್ರಗಳಲ್ಲಿ ನೋಡುವ ಮಡಿಕೆಗಳು, ಸುರುಳಿಗಳು ಬಹುಪಾಲು ಮೂಡುವುದು ಅಲ್ಲಿಂದ 40ನೇ ವಾರದವರೆಗೆ. ಇಂದ್ರಿಯಗಳ ಸುದ್ದಿಯನ್ನು ಹೊತ್ತು, ಮೆದುಳಿನ ಒಳಭಾಗದ ಥಾಲಮಸ್ ಎಂಬ ಕೇಂದ್ರದಿಂದ ಹೊರಟ ನರತಂತುಗಳು ಹೊರಪದರದ ಕೆಳಗಿನ ಒಂದು ತಾತ್ಕಾಲಿಕ ವಲಯದಲ್ಲಿ ವಾರಗಟ್ಟಲೆ ಕಾದು, ಸುಮಾರು 24ರಿಂದ 28ನೇ ವಾರದ ನಡುವೆ ಹೊರಪದರವನ್ನು ಹೊಕ್ಕುತ್ತವೆ. ಎಲ್ಲಿ ನೆಲೆಯೂರಬೇಕು, ಯಾರ ಜೊತೆ ಸಂಪರ್ಕ ಕಟ್ಟಿಕೊಳ್ಳಬೇಕು ಎಂಬುದು ವಂಶವಾಹಿಗಳಿಂದಲೇ ಪೂರ್ತಿ ತೀರ್ಮಾನವಾಗುವುದಿಲ್ಲ, ಆ ದಾರಿಗಳಲ್ಲಿ ಹರಿಯುವ ಸಂಕೇತಗಳೂ ಅದನ್ನು ತಿದ್ದುತ್ತವೆ. ಗರ್ಭದ ಕತ್ತಲಲ್ಲಿ, ನೀರಿನಲ್ಲಿ ತೇಲುತ್ತಾ ಆಗಬೇಕಾದ ಈ ಕೆಲಸ 26 ವಾರಕ್ಕೆ ಹುಟ್ಟಿದ ಮಗುವಿನಲ್ಲಿ ನಿಮ್ಮ ಘಟಕದೊಳಗೆ, ದೀಪದ ಕೆಳಗೆ, ಅಲಾರಂಗಳ ನಡುವೆ ನಡೆಯುತ್ತದೆ. ನೀವು ನಡೆಸುತ್ತಿರುವುದು ಜೀವ ಉಳಿಸುವ ವಾರ್ಡು ಹೌದು. ಮೂರು ತಿಂಗಳ ಮಟ್ಟಿಗೆ ಒಂದು ಮೆದುಳು ಬೆಳೆಯುವ ಜಾಗವೂ ಹೌದು.

ನೋವಿನ ದಾರಿಗಳ ವಿಚಾರದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ದೊಡ್ಡವರಲ್ಲಿ ಮೆದುಳಿನ ಕಾಂಡದಿಂದ ಬೆನ್ನುಹುರಿಗೆ ಇಳಿದು ಬಂದು ನೋವಿನ ಸಂಕೇತವನ್ನು ತಗ್ಗಿಸುವ ನರಮಾರ್ಗಗಳಿವೆ. ಮೇಲಕ್ಕೆ ಸುದ್ದಿ ಒಯ್ಯುವ ದಾರಿಗಳಿಗಿಂತ ಇವು ಬಹಳ ತಡವಾಗಿ ಬಲಿಯುತ್ತವೆ. ಎಂದರೆ ಅವಧಿಪೂರ್ವ ಶಿಶುವಿಗೆ ನೋವು ತಲುಪುತ್ತದೆ, ಅದನ್ನು ತಡೆಯುವ ಬಲ ಇನ್ನೂ ಬಂದಿರುವುದಿಲ್ಲ. ಲಂಡನ್ನಿನ ಮರಿಯಾ ಫಿಟ್ಸ್‌ಜೆರಾಲ್ಡ್ 1980ರ ದಶಕದ ಕೊನೆಯಲ್ಲೇ ಇದನ್ನು ಪಾದದಲ್ಲಿ ತೋರಿಸಿದರು. ಪದೇಪದೇ ಚುಚ್ಚಿಸಿಕೊಂಡ ಪಾದವನ್ನು ಮಗು ತೀರಾ ಹಗುರವಾದ ಸ್ಪರ್ಶಕ್ಕೂ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಚರ್ಮಕ್ಕೆ ಹಚ್ಚುವ ಅರಿವಳಿಕೆ ಮುಲಾಮು ಬಳಸಿದಾಗ ಆ ಅತಿಸೂಕ್ಷ್ಮತೆ ಇಳಿಯಿತು.

ಹಿಮ್ಮಡಿಯಿಂದ ರಕ್ತ ತೆಗೆಯುವುದನ್ನು ಒಮ್ಮೆ ಹತ್ತಿರ ನಿಂತು ನೋಡಿ. ಉಪಕರಣ ಕ್ಲಿಕ್ಕೆಂದ ಮರುಕ್ಷಣವೇ ಎರಡು ಹುಬ್ಬುಗಳ ನಡುವಿನ ಚರ್ಮ ಉಬ್ಬುತ್ತದೆ. ರೆಪ್ಪೆಗಳು ಬಿಗಿಯುತ್ತವೆ. ಮೂಗಿನ ಬದಿಯಿಂದ ತುಟಿಯಂಚಿಗೆ ಇಳಿಯುವ ಗೆರೆ ಆಳವಾಗುತ್ತದೆ. ಬೆರಳುಗಳು ಮೊದಲು ಅಗಲವಾಗಿ ಬಿಚ್ಚಿಕೊಂಡು ಆಮೇಲೆ ಮುಷ್ಟಿಯಾಗುತ್ತವೆ. ಅಳು ಬರುವುದು ಇದೆಲ್ಲದರ ನಂತರ, ಗಂಟಲಿನಲ್ಲಿ ಉಸಿರಿನ ಕೊಳವೆ ಇದ್ದರೆ ಅಳುವಿಗೆ ಸದ್ದೇ ಇರುವುದಿಲ್ಲ. ರಕ್ತ ಸಾಲದೆ ಹಿಮ್ಮಡಿಯನ್ನು ಹಿಂಡಬೇಕಾದರೆ ಈ ಎಲ್ಲವೂ ಮೊದಲಿನಿಂದ ಶುರು. ಹುಬ್ಬು, ಕಣ್ಣು, ಗೆರೆ, ಜೊತೆಗೆ ಹೃದಯ ಬಡಿತ ಮತ್ತು ಆಮ್ಲಜನಕದ ಏರಿಳಿತ, ಇವುಗಳಿಗೆ ಅಂಕ ಕೊಟ್ಟು ನೋವನ್ನು ಅಂದಾಜು ಮಾಡುವ ಅಳತೆಗೋಲುಗಳು 1990ರ ದಶಕದಿಂದ ಬಳಕೆಯಲ್ಲಿವೆ. ಕೆಲವು ದಾದಿಯರು ಇವನ್ನು ನನಗಿಂತ ಚೆನ್ನಾಗಿ ಓದುತ್ತಾರೆ.

ಆದರೆ ಮುಖವನ್ನು ಮಾತ್ರ ನಂಬಿ ಕೂರುವಂತಿಲ್ಲ, ನಮ್ಮ ಕ್ಷೇತ್ರ ಈಚಿನ ವರ್ಷಗಳಲ್ಲಿ ಕಲಿತ ಮುಖ್ಯ ಪಾಠ ಇದು. ಹಿಮ್ಮಡಿ ಚುಚ್ಚುವ ಮೊದಲು ನಾಲಿಗೆಗೆ ಎರಡು ಹನಿ ಸಕ್ಕರೆ ನೀರು ಹಾಕುವ ಪದ್ಧತಿ ನಿಮಗೆ ಗೊತ್ತೇ ಇದೆ. 2010ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ರೆಬೆಕಾ ಸ್ಲೇಟರ್ ಮತ್ತು ಸಂಗಡಿಗರು ಸಕ್ಕರೆ ನೀರು ಪಡೆದ ಶಿಶುಗಳನ್ನೂ ಬರೀ ನೀರು ಪಡೆದ ಶಿಶುಗಳನ್ನೂ ಹೋಲಿಸಿ, ಚುಚ್ಚುವ ಹೊತ್ತಿನಲ್ಲಿ ತಲೆಯ ಮೇಲಿನ ಇಇಜಿ ತಂತಿಗಳಿಂದ ಮೆದುಳಿನ ಪ್ರತಿಕ್ರಿಯೆಯನ್ನು ದಾಖಲಿಸಿದರು. ಸಕ್ಕರೆ ಪಡೆದವರ ಮುಖ ಶಾಂತವಾಗಿತ್ತು. ಮೆದುಳಿನ ಪ್ರತಿಕ್ರಿಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೇ ಸಂಸ್ಥೆಯಿಂದ 2017ರಲ್ಲಿ ಬಂದ ಇನ್ನೊಂದು ಅಧ್ಯಯನದ ಪ್ರಕಾರ, ಮೊದಲೇ ಒತ್ತಡದಲ್ಲಿದ್ದ ಶಿಶುಗಳಲ್ಲಿ ಮೆದುಳಿನ ಪ್ರತಿಕ್ರಿಯೆ ದೊಡ್ಡದಾಗಿತ್ತು, ನಡವಳಿಕೆ ಮಾತ್ರ ಅದಕ್ಕೆ ತಕ್ಕಂತೆ ಏರಿರಲಿಲ್ಲ. ತುಂಬಾ ಎಳೆಯ, ತುಂಬಾ ಬಳಲಿದ ಮಗು ಮುಖ ಕಿವುಚುವುದಕ್ಕೂ ಶಕ್ತಿ ಇಲ್ಲದೆ ಸುಮ್ಮನಿರುತ್ತದೆ. ವಾರ್ಡಿನ ಮಾತಿನಲ್ಲಿ ಅದು ‘ಒಳ್ಳೆಯ ಮಗು’. ಆ ಪ್ರಶಂಸೆ ಕೇಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ.

ಹಾಗಾದರೆ ನೋವಿಗೆ ಔಷಧ ಕೊಡಿ, ಅಂಕಣವೇಕೆ ಎಂದು ನೀವು ಕೇಳಬಹುದು. ಅದು ಅಷ್ಟು ಸುಲಭವಲ್ಲ. ಸಕ್ಕರೆ ನೀರಿನ ಕಥೆ ಮೇಲೆ ಹೇಳಿದೆ. ಅದನ್ನು ನಿಲ್ಲಿಸಿ ಎನ್ನುತ್ತಿಲ್ಲ, ಅದೊಂದನ್ನೇ ನೆಚ್ಚಬೇಡಿ ಎನ್ನುತ್ತಿದ್ದೇನೆ. ಮಾರ್ಫಿನ್ ವಿಷಯ ಇನ್ನೂ ಕಷ್ಟ. ಅವಧಿಪೂರ್ವ ಶಿಶುಗಳ ಕಣ್ಣಿನ ತಪಾಸಣೆಗೆ ಮುಂಚೆ ಬಾಯಿಯ ಮೂಲಕ ಮಾರ್ಫಿನ್ ಕೊಟ್ಟು ನೋಡಿದ ಆಕ್ಸ್‌ಫರ್ಡಿನ ಪ್ರಯೋಗವೊಂದನ್ನು ಉಸಿರಾಟದ ತೊಂದರೆಗಳು ಕಂಡದ್ದರಿಂದ ನಡುವೆಯೇ ನಿಲ್ಲಿಸಬೇಕಾಯಿತು, ನೋವು ತಗ್ಗಿದ ಸುಳಿವೂ ಸಿಗಲಿಲ್ಲ. ಆ ಫಲಿತಾಂಶ ಪ್ರಕಟವಾದದ್ದು 2018ರಲ್ಲಿ. ದೊಡ್ಡ ಶಸ್ತ್ರಚಿಕಿತ್ಸೆಗೆ ಒಳ್ಳೆಯ ಅರಿವಳಿಕೆ ಇಂದು ಇದೆ, ದಿನನಿತ್ಯದ ಸಣ್ಣ ಚುಚ್ಚುಗಳಿಗೆ ಮೆದುಳನ್ನೂ ಉಸಿರನ್ನೂ ಕಾಯುವ ಔಷಧ ನಮ್ಮ ಕೈಯಲ್ಲಿಲ್ಲ. ಉಳಿದಿರುವ ದಾರಿ ಚುಚ್ಚುಗಳನ್ನೇ ಕಡಿಮೆ ಮಾಡುವುದು. ಎಷ್ಟಿದೆ ಎಂದೇ ತಿಳಿಯದಿದ್ದರೆ ಕಡಿಮೆ ಮಾಡುವುದು ಹೇಗೆ?

ಲೆಕ್ಕ ಹಾಕಿದವರಿದ್ದಾರೆ. ರಿಕಾರ್ಡೊ ಕಾರ್ಬಹಾಲ್ ಮತ್ತು ಸಂಗಡಿಗರು ಪ್ಯಾರಿಸ್ ಪ್ರದೇಶದ ಘಟಕಗಳಲ್ಲಿ 430 ಶಿಶುಗಳ ಮೊದಲ 14 ದಿನಗಳನ್ನು ದಾಖಲಿಸಿ 2008ರಲ್ಲಿ ಪ್ರಕಟಿಸಿದರು. ದಿನಕ್ಕೆ ಸುಮಾರು ಹತ್ತು ನೋವಿನ ಪ್ರಕ್ರಿಯೆಗಳು. ಅವುಗಳಲ್ಲಿ ಹೆಚ್ಚುಕಡಿಮೆ ಐದಕ್ಕೆ ನಾಲ್ಕು, ಆ ಪ್ರಕ್ರಿಯೆಗೆಂದೇ ಯಾವ ನೋವುನಿವಾರಣೆಯನ್ನೂ ಕೊಡದೆ ನಡೆದಂಥವು. ಅದು ಎಲ್ಲ ಸೌಲಭ್ಯಗಳಿರುವ ನಗರ. ಒಂದು ರಕ್ತಪರೀಕ್ಷೆ ಬೆಳಗ್ಗೆ, ಇನ್ನೊಂದು ವಿಭಾಗ ಬರೆದ ಪರೀಕ್ಷೆ ಮಧ್ಯಾಹ್ನ, ಮೊದಲಿನ ಮಾದರಿ ಹೆಪ್ಪುಗಟ್ಟಿತೆಂದು ಸಂಜೆ ಮತ್ತೊಮ್ಮೆ. ಯಾರೂ ತಪ್ಪು ಮಾಡಿರುವುದಿಲ್ಲ, ಒಟ್ಟು ಲೆಕ್ಕ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಚಾರ್ಟಿನಲ್ಲಿ ಒಂದು ಅಂಕಣ ಇದ್ದು, ಅದರಲ್ಲಿ ಆ ದಿನದ ಒಂಬತ್ತನೆಯ ಗೆರೆ ಎಳೆಯಬೇಕಾದ ವೈದ್ಯ ಪರೀಕ್ಷೆಯನ್ನು ನಾಳಿನ ಪರೀಕ್ಷೆಯ ಜೊತೆ ಸೇರಿಸಬಹುದೇ ಎಂದು ಒಂದು ಕ್ಷಣ ಯೋಚಿಸುತ್ತಾನೆ. ನನಗೆ ಬೇಕಾಗಿರುವುದು ಆ ಒಂದು ಕ್ಷಣ.

ಎರಡನೆಯ ಅಂಕಣ ನಿದ್ದೆಯದು. ಇದರ ಬಗ್ಗೆ ನಾನು ಹೆಚ್ಚು ಮಾತಾಡಿದರೆ ಮನ್ನಿಸಿ, ನನ್ನ ಕೆಲಸದ ಬಹುಭಾಗ ಮಲಗಿದ ಮಕ್ಕಳನ್ನು ನೋಡುತ್ತಾ ಕೂರುವುದೇ ಆಗಿದೆ. ದಿನ ತುಂಬಿ ಹುಟ್ಟಿದ ಶಿಶುವಿನ ನಿದ್ದೆಯಲ್ಲಿ ಸುಮಾರು ಅರ್ಧ ‘ಸಕ್ರಿಯ ನಿದ್ದೆ’. ಅವಧಿಪೂರ್ವ ಶಿಶುವಿನಲ್ಲಿ ಅದರ ಪಾಲು ಇನ್ನೂ ಹೆಚ್ಚು. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಓಡಾಡುತ್ತದೆ. ಉಸಿರು ಒಮ್ಮೆ ವೇಗ, ಒಮ್ಮೆ ನಿಧಾನ. ಕಿರುಬೆರಳೊಂದು ತಟ್ಟನೆ ಅದುರುತ್ತದೆ, ಆಮೇಲೆ ಮಣಿಕಟ್ಟು, ಆಮೇಲೆ ಕಾಲಿನ ಹೆಬ್ಬೆರಳು, ತುಟಿಯ ಒಂದು ಮೂಲೆ. ನೋಡುವವರಿಗೆ ಮಗು ಎದ್ದಿದೆ, ಚಡಪಡಿಸುತ್ತಿದೆ ಎನಿಸುತ್ತದೆ. ಹೇಗೂ ಎಚ್ಚರವಿದೆಯಲ್ಲ ಎಂದು ಆಗಲೇ ಡೈಪರ್ ಬದಲಿಸುತ್ತಾರೆ, ಆಗಲೇ ಉಷ್ಣತೆ ನೋಡುತ್ತಾರೆ.

ಆ ಅದುರುವಿಕೆ ವ್ಯರ್ಥ ಚಲನೆಯಲ್ಲ. ಅಯೋವಾ ವಿಶ್ವವಿದ್ಯಾಲಯದ ಮಾರ್ಕ್ ಬ್ಲಂಬರ್ಗ್ ಎಳೆಯ ಇಲಿಮರಿಗಳಲ್ಲಿ ವರ್ಷಗಟ್ಟಲೆ ಇದನ್ನು ಅಧ್ಯಯನ ಮಾಡಿದ್ದಾರೆ. ಮರಿ ಎಚ್ಚರವಾಗಿದ್ದಾಗ ತಾನೇ ಕಾಲು ಆಡಿಸಿದರೆ ಆ ಚಲನೆಯಿಂದ ಹಿಂತಿರುಗಿ ಬರುವ ಸಂವೇದನೆ ದಾರಿಯಲ್ಲೇ ತಡೆಹಿಡಿಯಲ್ಪಡುತ್ತದೆ. ನಿದ್ದೆಯಲ್ಲಿ ಅದೇ ಕಾಲು ಅದುರಿದರೆ ಆ ಸಂವೇದನೆ ಮೆದುಳಿನವರೆಗೂ ಮುಟ್ಟುತ್ತದೆ. ಒಂದೊಂದೇ ತಂತಿಯನ್ನು ಮೀಟಿ ಶ್ರುತಿ ನೋಡುವ ವೈಣಿಕನಂತೆ ಮೆದುಳು ಒಂದೊಂದೇ ಸ್ನಾಯುವನ್ನು ಅಲುಗಿಸಿ, ಯಾವ ಅಂಗದ ಸುದ್ದಿ ಎಲ್ಲಿಗೆ ಬರುತ್ತದೆ ಎಂದು ಗುರುತು ಮಾಡಿಕೊಳ್ಳುತ್ತದೆ. ಮನುಷ್ಯರಲ್ಲೂ ಹೋಲುವ ಸುಳಿವು ಸಿಕ್ಕಿದೆ. ಗರ್ಭದ ಲೆಕ್ಕದಲ್ಲಿ 29ರಿಂದ 31 ವಾರಗಳ ಅವಧಿಪೂರ್ವ ಶಿಶುಗಳಲ್ಲಿ ಕೈ ಅಲುಗಿದಾಗ ಮೆದುಳಿನ ಹೊರಪದರದಲ್ಲಿ ಕೈಗೆ ಮೀಸಲಾದ ಭಾಗದಲ್ಲೂ, ಕಾಲು ಅಲುಗಿದಾಗ ಕಾಲಿನ ಭಾಗದಲ್ಲೂ ವಿಶಿಷ್ಟ ವಿದ್ಯುತ್ ಅಲೆಗಳು ಏಳುವುದನ್ನು ಫ್ರಾನ್ಸಿನ ಸಂಶೋಧಕರು 2007ರಲ್ಲಿ ವರದಿ ಮಾಡಿದರು. ಇಂಥ ನಿದ್ದೆಯನ್ನು ನಡುವೆ ಕತ್ತರಿಸುವುದು ಎಂದರೆ ನಡೆಯುತ್ತಿದ್ದ ಕೆಲಸವನ್ನು ನಿಲ್ಲಿಸಿದ ಹಾಗೆ. ಕೆಲವೊಮ್ಮೆ ನಿಲ್ಲಿಸಲೇಬೇಕು, ಒಪ್ಪುತ್ತೇನೆ. ಪಾಳಿ ಬದಲಾಗುವ ಹೊತ್ತು ಬಂತೆಂಬ ಕಾರಣಕ್ಕೆ ಬೇಕಿಲ್ಲ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1997ರಲ್ಲೇ ಇಂಥ ಘಟಕಗಳ ಸದ್ದು 45 ಡೆಸಿಬೆಲ್ ಮೀರಬಾರದೆಂದು ಹೇಳಿತ್ತು. ನಿಮ್ಮ ಘಟಕದಲ್ಲಿ ಅಳೆಸಿ ನೋಡಿ. ಅದಕ್ಕೆ ಬೇರೆ ಪತ್ರವೇ ಬೇಕಾದೀತು.

ಈಗ ಆಕ್ಷೇಪಣೆಗಳು. ಬಾಲ್ಯದ ನೋವಿಗೂ ಮುಂದಿನ ಬುದ್ಧಿ ಬೆಳವಣಿಗೆಗೂ ಸಂಬಂಧ ಸಾಬೀತಾಗಿದೆಯೇ ಎಂದು ತಜ್ಞರೊಬ್ಬರು ನನ್ನನ್ನು ಕೇಳಿದ್ದರು. ಹೆಚ್ಚು ಚುಚ್ಚಿಸಿಕೊಂಡ ಅವಧಿಪೂರ್ವ ಶಿಶುಗಳಲ್ಲಿ ಮೆದುಳಿನ ಬಿಳಿದ್ರವ್ಯದ, ಎಂದರೆ ಮೆದುಳಿನ ಭಾಗಗಳನ್ನು ಜೋಡಿಸುವ ನರತಂತುಗಳ, ಬೆಳವಣಿಗೆ ಹಿಂದೆ ಬಿದ್ದದ್ದನ್ನು ಕೆನಡಾದ ತಂಡವೊಂದು ಎಂಆರ್‌ಐಯಲ್ಲಿ ಕಂಡಿದೆ. ಆದರೆ ಹೆಚ್ಚು ಕಾಯಿಲೆಯ ಮಗುವಿಗೇ ಹೆಚ್ಚು ಸೂಜಿ ಬೀಳುತ್ತದೆ. ಕಾಯಿಲೆಯ ಪಾಲೆಷ್ಟು, ಸೂಜಿಯ ಪಾಲೆಷ್ಟು ಎಂದು ಲೆಕ್ಕಶಾಸ್ತ್ರದಿಂದ ಬೇರ್ಪಡಿಸಲು ಅವರು ಶ್ರಮಿಸಿದ್ದಾರೆ, ಪೂರ್ತಿ ಬೇರ್ಪಡಿಸಲು ಆಗದು. ಇಲಿಗಳಲ್ಲಿ ಪ್ರಯೋಗ ಮಾಡಬಹುದು. ಹೆಚ್ಚು ನೆಕ್ಕಿ ಸವರುವ ತಾಯಿಯ ಬಳಿ ಬೆಳೆದ ಮರಿಗಳಲ್ಲಿ ಒತ್ತಡದ ಹಾರ್ಮೋನನ್ನು ನಿಯಂತ್ರಿಸುವ ವಂಶವಾಹಿಯ ಮೇಲಿನ ರಾಸಾಯನಿಕ ಗುರುತುಗಳೇ ಬೇರೆಯಾಗಿದ್ದವು, ಸಾಕುತಾಯಿ ಬದಲಾದರೆ ಗುರುತೂ ಬದಲಾಗುತ್ತಿತ್ತು ಎಂದು ಮಾಂಟ್ರಿಯಲ್‌ನ ಮೈಕಲ್ ಮೀನಿ ತಂಡ 2004ರಲ್ಲಿ ತೋರಿಸಿತು. ಇಲಿಯಿಂದ ಮನುಷ್ಯನಿಗೆ ನೇರವಾಗಿ ಜಿಗಿಯಲು ನಾನು ಸಿದ್ಧಳಿಲ್ಲ. ಮಗುವಿಗೆ ನೋವಾಗುತ್ತದೆ ಎಂಬುದು ಖಚಿತವಾದ ಮೇಲೆ, ಆ ನೋವು ಹತ್ತು ವರ್ಷದ ನಂತರ ಪರೀಕ್ಷೆಯ ಅಂಕವನ್ನು ಇಳಿಸುತ್ತದೆ ಎಂದೂ ಸಾಬೀತಾದರೆ ಮಾತ್ರ ತಡೆಯುತ್ತೇವೆ ಎನ್ನುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ದೊಡ್ಡವರ ನೋವಿಗೆ ನಾವು ಆ ಷರತ್ತು ಹಾಕುವುದಿಲ್ಲ.

ನಮ್ಮ ಕ್ಷೇತ್ರದ ಹೆಸರಿನಲ್ಲಿ ನಿಮ್ಮ ಮುಂದೆ ಬರುವ ಎಲ್ಲವನ್ನೂ ನಂಬಬೇಡಿ ಎಂದೂ ಸೇರಿಸಬೇಕು. 1993ರಲ್ಲಿ ಕಾಲೇಜು ವಿದ್ಯಾರ್ಥಿಗಳು ಮೊಜಾರ್ಟ್ ಸಂಗೀತ ಕೇಳಿದ ಮೇಲೆ ಒಂದು ಬಗೆಯ ಪರೀಕ್ಷೆಯಲ್ಲಿ ಕೆಲವು ನಿಮಿಷಗಳ ಮಟ್ಟಿಗೆ ಸ್ವಲ್ಪ ಉತ್ತಮವಾಗಿ ಮಾಡಿದರು. ಶಿಶುಗಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಐದು ವರ್ಷದಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟಿದ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡಲು ಲಕ್ಷ ಡಾಲರಿಗೂ ಮೀರಿದ ಹಣ ಕೇಳಿದರು. ‘ಮೆದುಳು ಚುರುಕಾಗಿಸುವ’ ಆಟಿಕೆ, ದೀಪ, ಪರದೆಗಳನ್ನು ಮಾರಲು ಯಾರಾದರೂ ನಿಮ್ಮ ಕಚೇರಿಗೆ ಬಂದರೆ ಆ ಪ್ರಸಂಗವನ್ನು ನೆನೆಯಿರಿ. ಎಳೆಯ ಮೆದುಳಿಗೆ ಸೇರಿಸಬೇಕಾದ್ದಕ್ಕಿಂತ ಅದರ ಮೇಲಿಂದ ತೆಗೆಯಬೇಕಾದ್ದೇ ಹೆಚ್ಚು.

ದಾದಿಯರಿಗೆ ಸಮಯವಿಲ್ಲ ಎಂಬ ಆಕ್ಷೇಪಣೆ ಎಲ್ಲಕ್ಕಿಂತ ಗಟ್ಟಿಯಾದದ್ದು. ಒಬ್ಬ ದಾದಿ ಎಷ್ಟು ಇನ್‌ಕ್ಯುಬೇಟರುಗಳ ನಡುವೆ ಓಡಾಡುತ್ತಾಳೆ ಎಂದು ನಾನು ನೋಡಿದ್ದೇನೆ. ಆದ್ದರಿಂದ ದೊಡ್ಡ ನಮೂನೆ ಬೇಡ. ಪ್ರತಿ ಚುಚ್ಚಿಗೆ ಒಂದು ಗೆರೆ, ವಿಫಲವಾದ ಪ್ರಯತ್ನಕ್ಕೂ ಒಂದು ಗೆರೆ. ಮಲಗಿದ್ದ ಮಗುವನ್ನು ಎಬ್ಬಿಸಿದರೆ ಪಕ್ಕದ ಅಂಕಣದಲ್ಲಿ ಇನ್ನೊಂದು. ಕಾರಣ ಬರೆಯುವ ಜಾಗವನ್ನೂ ಇಡಬೇಡಿ, ಅದು ಖಾಲಿ ಉಳಿಯುತ್ತದೆ. ಸಂಖ್ಯೆ ತಗ್ಗಿಸುವ ಭರದಲ್ಲಿ ದಿನದ ಎಲ್ಲ ಕೆಲಸಗಳನ್ನೂ ಒಂದೇ ಗಂಟೆಗೆ ಪೇರಿಸುವುದೂ ಬೇಡ. ಆಗಷ್ಟೇ ನೋವುಂಡ ಮಗು ಆಮೇಲೆ ಬರುವ ಸಾಮಾನ್ಯ ಸ್ಪರ್ಶಕ್ಕೂ ಹೆಚ್ಚು ಬೆಚ್ಚುತ್ತದೆ ಎಂಬುದಕ್ಕೆ ಅಧ್ಯಯನಗಳಿವೆ.

ಗೆರೆ ಎಳೆಯಲು ಇನ್ನೊಂದು ಜೋಡಿ ಕೈಗಳೂ ಇವೆ, ತಾಯಿಯವು, ಬಾಗಿಲ ಹೊರಗೆ ಕಾಯುತ್ತಿವೆ. ಒಂದು ಕಿಲೋದಿಂದ 1.8 ಕಿಲೋದೊಳಗೆ ಹುಟ್ಟಿದ 3,211 ಶಿಶುಗಳನ್ನು ಘಾನಾ, ಭಾರತ, ಮಲಾವಿ, ನೈಜೀರಿಯಾ ಮತ್ತು ತಾಂಜಾನಿಯಾದ ಐದು ಆಸ್ಪತ್ರೆಗಳಲ್ಲಿ ಎರಡು ಗುಂಪು ಮಾಡಿ ನೋಡಿದ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಹುಟ್ಟಿದ ಕೂಡಲೇ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟ ಗುಂಪಿನಲ್ಲಿ 28 ದಿನಗಳೊಳಗಿನ ಸಾವು ಶೇ 12.0. ಸ್ಥಿತಿ ಸುಧಾರಿಸುವವರೆಗೆ ಕಾದು ಆಮೇಲೆ ಕೊಟ್ಟ ಗುಂಪಿನಲ್ಲಿ ಶೇ 15.7. ಇದಕ್ಕಾಗಿ ತಾಯಂದಿರನ್ನು ಘಟಕದ ಒಳಗೇ ಇರಿಸಿಕೊಳ್ಳಬೇಕಾಯಿತು. ತಾಯಿ ಒಳಗಿದ್ದರೆ ಸೋಂಕು ತರುತ್ತಾಳೆ ಎಂಬ ಹಳೆಯ ಭಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ, ಆ ಗುಂಪಿನಲ್ಲಿ ಸೋಂಕಿನ ಅನುಮಾನವೂ ಕಡಿಮೆಯಿತ್ತು. ನೋವಿನ ಮಾತಿಗೂ ಇದು ಸೇರುತ್ತದೆ. ಬರಿಮೈಯ ಎದೆಯ ಮೇಲಿದ್ದಾಗ ಹಿಮ್ಮಡಿ ಚುಚ್ಚಿಸಿಕೊಂಡ ಶಿಶುಗಳು ಕಡಿಮೆ ಅಳುತ್ತವೆ. ಮೆದುಳಿನ ಪ್ರತಿಕ್ರಿಯೆಯೂ ತಗ್ಗುವುದನ್ನು ಲಂಡನ್ನಿನವರು ದಾಖಲಿಸಿದ್ದಾರೆ, ಸಕ್ಕರೆ ನೀರು ಮಾಡಲಾಗದ ಕೆಲಸ ಅದು. ಭೇಟಿಯ ವೇಳೆ ಸಂಜೆ ಒಂದೇ ಗಂಟೆ ಎಂಬ ಫಲಕ ನಿಮ್ಮ ಘಟಕದ ಬಾಗಿಲಲ್ಲಿ ಇನ್ನೂ ಇದ್ದರೆ, ಅಂಕಣಗಳಿಗಿಂತ ಮೊದಲು ಆ ಫಲಕವನ್ನು ತೆಗೆಸಿ.

ಹೊಸ ಚಾರ್ಟನ್ನು ಮುದ್ರಣಕ್ಕೆ ಕಳುಹಿಸುವ ಮುನ್ನ ಕರಡನ್ನು ರಾತ್ರಿ ಪಾಳಿಯ ಹಿರಿಯ ದಾದಿಯೊಬ್ಬರಿಗೆ ತೋರಿಸಿ, ಅಂಕಣದ ಅಗಲವನ್ನು ಅವರೇ ಹೇಳಲಿ. ಮೊದಲ ತಿಂಗಳ ಸಂಖ್ಯೆಗಳು ಬಂದಾಗ ಯಾರನ್ನೂ ಕಚೇರಿಗೆ ಕರೆಸಿ ವಿವರಣೆ ಕೇಳಬೇಡಿ. ಕೇಳಿದರೆ ಎರಡನೆಯ ತಿಂಗಳಿನಿಂದ ಗೆರೆಗಳು ಕಡಿಮೆಯಾಗುತ್ತವೆ, ಚುಚ್ಚುಗಳು ಕಡಿಮೆಯಾಗಿರುವುದಿಲ್ಲ. ಸಕ್ರಿಯ ನಿದ್ದೆಯನ್ನು ಎಚ್ಚರದಿಂದ ಬೇರ್ಪಡಿಸಿ ಗುರುತಿಸುವುದನ್ನು ನಿಮ್ಮ ಸಿಬ್ಬಂದಿಗೆ ಇನ್‌ಕ್ಯುಬೇಟರಿನ ಪಕ್ಕದಲ್ಲೇ ನಿಂತು ಕಲಿಸಲು ನಾನೂ ನನ್ನ ಸಹೋದ್ಯೋಗಿಗಳೂ ಬರುತ್ತೇವೆ. ಅದಕ್ಕೆ ಒಂದು ಮಧ್ಯಾಹ್ನ ಸಾಕು, ಶುಲ್ಕವೇನೂ ಇಲ್ಲ.

ಇಂತಿ ನಿಮ್ಮ ವಿಶ್ವಾಸಿ,
ನವಜಾತ ಶಿಶುಗಳ ಮೆದುಳು ಮತ್ತು ನಡವಳಿಕೆಯ ಸಂಶೋಧಕಿ